ಹಿತ್ತಿಲಿನ ವಾಟ

ಮುನ್ನೂರು ಮರಿಗಳು ಮೊಟ್ಟೆಯೊಳಗೇ ಸತ್ತ ಮೇಲೆ ಆ ಮನೆಯಲ್ಲಿ ಮಾತು ಕಡಿಮೆಯಾಯಿತು. ಜಗಳವಾಡಿ ಮಾತು ಬಿಟ್ಟರು ಎಂದರೆ ಪೂರ್ತಿ ನಿಜವಾಗದು. ಜಗಳ ಒಂದೇ ದಿನದ್ದು. ಆಮೇಲೆ ಯಾರಿಗೂ ಕೋಪ ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿರಲಿಲ್ಲ. ‘ನೀರು ಬಂತು’, ‘ಬಾಗಿಲು ಹಾಕ್ಕೋ’, ‘ತಟ್ಟೆ ಇಟ್ಟಿದೆ’ ಎಂಬ ಮೂರು ನಾಲ್ಕು ಮಾತಿನಲ್ಲೇ ಸಂಸಾರ ನಡೆಯುತ್ತಿತ್ತು. ಇಷ್ಟರಲ್ಲೇ ನಡೆದುಹೋಗುತ್ತದಲ್ಲ ಎಂದು ಅವರಿಗೇ ಒಳಗೊಳಗೆ ಆಶ್ಚರ್ಯವಾಗಿರಬೇಕು.

ಮನೆಯಲ್ಲಿದ್ದವರು ನಾಲ್ವರು. ಹಿಂದಿನ ಕೋಣೆಯಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಕರೆಂಟಿನ ಪೆಟ್ಟಿಗೆ ಇಟ್ಟುಕೊಂಡು ಇಪ್ಪತ್ತು ವರ್ಷದಿಂದ ಹೊಟ್ಟೆಪಾಡು ನಡೆಸಿದವಳು ಅತ್ತೆ. ಬೀದಿಯವರ ಬಾಯಲ್ಲಿ ಅವಳು ಕೋಳಿಯಮ್ಮ. ಅವಳ ಗಂಡ ಮೇಸ್ತ್ರಿ, ನಲವತ್ತು ವರ್ಷ ಗಾರೆ ಕೆಲಸ ಮಾಡಿ, ಸಿಮೆಂಟಿನ ಧೂಳನ್ನೆಲ್ಲ ಎದೆಗೆ ತುಂಬಿಕೊಂಡು, ಈಗ ಕೆಮ್ಮುತ್ತ ಮನೆಯಲ್ಲಿ ಕೂತವನು. ಮಗ ಬೇಕರಿಯ ವ್ಯಾನ್ ಓಡಿಸುತ್ತಿದ್ದ. ಸೊಸೆ ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋಗಿ ಊಟದ ಹೊತ್ತಿಗೆ ಬರುತ್ತಿದ್ದಳು. ಐದನೆಯದಾಗಿ ಹಿತ್ತಿಲಿನಲ್ಲಿ ಒಂದು ಜನರೇಟರ್ ಇತ್ತು. ಸೂಟ್‌ಕೇಸಿಗಿಂತ ಸ್ವಲ್ಪ ದೊಡ್ಡದು, ಒಬ್ಬರೇ ಹಿಡಿಕೆ ಹಿಡಿದು ಎಳೆಯಬಹುದಾದದ್ದು. ಕರೆಂಟು ಹೋದಾಗ ಪೆಟ್ಟಿಗೆಯ ಕಾವು ಆರದಂತೆ ನೋಡಿಕೊಳ್ಳುವುದು ಅದರ ಕೆಲಸ.

ಆ ದಿನ ನಡೆದದ್ದು ಇಷ್ಟು. ಹತ್ತು ಗಂಟೆಗೆ ಕರೆಂಟು ಹೋಯಿತು. ಮೂವರೂ ಹೊರಗಿದ್ದರು. ಮೇಸ್ತ್ರಿ ಎಂದಿನಂತೆ ಜನರೇಟರ್ ಹೊರಡಿಸಿ, ಕೆಮ್ಮಿನ ಔಷಧಿ ಕುಡಿದು ಮಲಗಿದ. ಎಚ್ಚರವಾದಾಗ ಹಿತ್ತಿಲು ನಿಶ್ಶಬ್ದ. ತೋಳು ಸೋಲುವವರೆಗೂ ಹಗ್ಗ ಎಳೆದ, ಹೊರಡಲಿಲ್ಲ. ಮಗ ಬರುವ ಹೊತ್ತಿಗೆ ಪೆಟ್ಟಿಗೆ ತಣ್ಣಗಾಗಿತ್ತು. ಅವನು ಇಂಜಿನ್ನಿನ ಆಯಿಲ್ ನೋಡುವ ಕಡ್ಡಿ ಎತ್ತಿದ. ತುದಿ ಒಣಗಿತ್ತು.

“ಆಯಿಲ್ ನೋಡ್ಲಿಲ್ವಾ ಅಪ್ಪ?”

“ನಿನ್ನೆ ತಾನೇ ಹಾಕಿದ್ದೆ.”

“ಹಾಕಿದ್ರೆ ಎಲ್ಲಿ ಹೋಯ್ತು?”

ಮಗ ಆಯಿಲ್ ಸುರಿದು ಹಗ್ಗ ಎಳೆದ. ಒಂದೇ ಎಳೆತಕ್ಕೆ ಹೊರಟಿತು. ಅಲ್ಲಿಗೆ ತೀರ್ಮಾನವೂ ಆಯಿತು.

“ಇನ್ನು ಆ ಮಿಷನ್ ಹತ್ರ ಹೋಗ್ಬೇಡಿ ನೀವು,” ಎಂದಳು ಕೋಳಿಯಮ್ಮ. “ಮಾಡದೇ ಇದ್ರೂ ಪರವಾಗಿಲ್ಲ, ಮಾಡ್ದೆ ಅಂತ ಸುಳ್ಳು ಹೇಳ್ತೀರಲ್ಲ.”

ಆವತ್ತಿನಿಂದ ಮೇಸ್ತ್ರಿ ತಟ್ಟೆ ತೆಗೆದುಕೊಂಡು ಹಿತ್ತಿಲಿನ ಕಟ್ಟೆಯ ಮೇಲೆ ಕೂತು ಉಣ್ಣತೊಡಗಿದ. ಯಾರೂ ಹೋಗೆನ್ನಲಿಲ್ಲ, ಯಾರೂ ಬಾ ಎನ್ನಲೂ ಇಲ್ಲ.

ಎರಡು ತಿಂಗಳು ಪೆಟ್ಟಿಗೆ ಖಾಲಿ ಬಿದ್ದಿತ್ತು. ಒಬ್ಬೊಬ್ಬರೇ ಗಿರಾಕಿಗಳು ಬೇರೆ ಕಡೆ ಹೋದರು. ಕೊನೆಗೆ ಒಂದು ಸೋಮವಾರ ಕೋಳಿ ಫಾರಮಿನವಳು ಮುನ್ನೂರು ಮೊಟ್ಟೆ ತಂದಳು. ಹತ್ತು ವರ್ಷದ ಗಿರಾಕಿ, ದಾಕ್ಷಿಣ್ಯಕ್ಕೆ ಬಂದಿದ್ದಳು.

“ಇದೊಂದ್ಸಲ ನೋಡ್ತೀನಿ ಕೋಳಿಯಮ್ಮ. ಮತ್ತೆ ಹಾಗೇ ಆದ್ರೆ ನನ್ನ ಗಂಡ ಬಿಡಲ್ಲ. ನನ್ನ ಬೈಕೋಬೇಡ.”

“ಆಗಲ್ಲ ಬಿಡು.”

“ಆಗ್ಬಾರ್ದು ಅಂತಾನೇ ನಾನೂ ಹೇಳೋದು.”

ಅವಳು ಹೋದ ಮೇಲೆ ಮಗ ಬಾಗಿಲಲ್ಲಿ ನಿಂತು, “ಇದೂ ಹೋದ್ರೆ ಪೆಟ್ಟಿಗೆ ಕೊಟ್ಟುಬಿಡೋಣ ಅಮ್ಮ. ಆ ಕೋಣೆ ಬಾಡಿಗೆಗಾದ್ರೂ ಆಗುತ್ತೆ,” ಎಂದ.

“ಹೂಂ,” ಎಂದಳು ಕೋಳಿಯಮ್ಮ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದ ಮಗ ವ್ಯಾನಿನ ಕೀ ತಿರುಗಿಸುತ್ತ ಹೊರಗೆ ಹೋದ. ಪೆಟ್ಟಿಗೆ ಹೋದರೆ ತಾನು ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂದು ಅವಳು ಯೋಚಿಸಿ ನೋಡಿದ್ದಳು. ಏನೂ ಕಾಣಿಸಿರಲಿಲ್ಲ.

ಮರಿಯಾಗಲು ಇಪ್ಪತ್ತೊಂದು ದಿನ ಬೇಕು. ಕರೆಂಟು ದಿನಕ್ಕೊಮ್ಮೆಯಾದರೂ ಹೋಗುತ್ತಿತ್ತು. ಕಳೆದ ಸಲದ ಪಾಠವನ್ನು ಮನೆಯವರು ಚೆನ್ನಾಗಿ ಕಲಿತಿದ್ದರು. ಸಮಸ್ಯೆಯೆಂದರೆ ಮೂವರೂ ಬೇರೆ ಬೇರೆಯಾಗಿ ಕಲಿತಿದ್ದರು. ಬೆಳಿಗ್ಗೆ ನಲ್ಲಿ ನೀರು ಹಿಡಿದ ಮೇಲೆ ಕೋಳಿಯಮ್ಮ ಹೋಗಿ ಒಂದು ಮುಚ್ಚಳ ಆಯಿಲ್ ಹಾಕುತ್ತಿದ್ದಳು. ಮಧ್ಯಾಹ್ನ ಸೊಸೆ ಚಪ್ಪಲಿ ಬಿಡುವ ಮೊದಲೇ ಹಿತ್ತಿಲಿಗೆ ಹೋಗಿ, ಕಡ್ಡಿಯ ತುದಿ ಯಾಕೋ ಸರಿಯಾಗಿ ಒದ್ದೆಯಾಗಿಲ್ಲ ಎನ್ನಿಸಿ, ಒಂದು ಮುಚ್ಚಳ ಹಾಕುತ್ತಿದ್ದಳು. ಸಂಜೆ ಮಗ ವ್ಯಾನ್ ನಿಲ್ಲಿಸಿ, ಹೆಂಗಸರಿಗೆ ಇದೆಲ್ಲ ಎಲ್ಲಿ ನೆನಪಿರುತ್ತದೆ ಎಂದುಕೊಂಡು, ಒಂದಲ್ಲ, ಎರಡು ಹಾಕುತ್ತಿದ್ದ. ಹಾಕಿದ್ದೇನೆ ಎಂದು ಒಬ್ಬರೂ ಇನ್ನೊಬ್ಬರಿಗೆ ಹೇಳಲಿಲ್ಲ. ಹೇಳಿದರೆ ಹಳೆಯ ಮಾತು ಬರುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರಲ್ಲ, ಇವರು ಸಾಲದ್ದಕ್ಕೆ ಮಿಷನ್ನಿಗೂ ಬಿಟ್ಟರು. ಡಬ್ಬಿಯಲ್ಲಿ ಆಯಿಲ್ ಬೇಗ ಬೇಗ ಇಳಿಯುವುದನ್ನು ಕಂಡು ಮೂವರೂ, ಮಿಷನ್ ಆಯಿಲ್ ಕುಡಿಯುತ್ತಿದೆ ಎಂದು ಹೆದರಿದರು. ಹೆದರಿ ಇನ್ನಷ್ಟು ಹಾಕಿದರು.

ಮೇಸ್ತ್ರಿ ಮಾತ್ರ ಅದರ ಹತ್ತಿರ ಸುಳಿಯಲಿಲ್ಲ. ಬೇಡ ಎಂದಿದ್ದರು, ಬಿಟ್ಟಿದ್ದ.

ಜನರೇಟರ್ ಈಗ ಚರಂಡಿಯ ಪಕ್ಕದಲ್ಲಿತ್ತು. ಮೊದಲು ಅಡುಗೆಮನೆಯ ಕಿಟಕಿಯ ಕೆಳಗೆ ಚಪ್ಪಡಿಯ ಮೇಲೆ ಇರುತ್ತಿತ್ತು. ಯಾರೋ ಯಾವಾಗಲೋ ಸರಿಸಿದ್ದರು. ಅದನ್ನು ಯಾರೂ ಗಮನಕ್ಕೆ ತೆಗೆದುಕೊಂಡಿರಲಿಲ್ಲ.

ಏಳನೇ ದಿನ ಸೊಸೆ ಕೋಣೆ ಕತ್ತಲು ಮಾಡಿ, ಒಂದೊಂದೇ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದಳು. ಒಳಗೆ ಕೆಂಪು ನರಗಳು ಹರಡಿಕೊಂಡಿದ್ದರೆ ಜೀವ ಇದೆ ಎಂದರ್ಥ.

“ಎಷ್ಟು?” ಎಂದಳು ಅತ್ತೆ.

“ಹದಿನೆಂಟು ಹೋಗಿದೆ. ಉಳಿದದ್ದು ಇದೆ.”

“ಚೆನ್ನಾಗಿ ನೋಡಿದ್ಯಾ?”

“ದಿನಾ ಜನರ ಕಣ್ಣು ನೋಡೋದೇ ಕೆಲಸ ನಂದು ಅತ್ತೆ. ಮೊಟ್ಟೆ ನೋಡೋಕ್ಕಾಗಲ್ವಾ?”

ಬೇರೆ ದಿನವಾಗಿದ್ದರೆ ಕೋಳಿಯಮ್ಮ ನಗುತ್ತಿದ್ದಳು. ಆವತ್ತು, “ಅನ್ನಕ್ಕಿಡು,” ಎಂದಳು.

ಹೊರಗೆ ಬಂದಾಗ ಅವಳ ಕಣ್ಣು ಹಿತ್ತಿಲಿನ ಕಂಬದ ಮೇಲೆ ಬಿತ್ತು. ಬಿಳಿ ಸುಣ್ಣದ ಕಂಬದ ತುಂಬ ಪೆನ್ಸಿಲ್ಲಿನ ಸಣ್ಣ ಸಣ್ಣ ಗೀಟುಗಳು, ಸಾಲು ಸಾಲಾಗಿ. ಮೇಸ್ತ್ರಿ ಕೆಲಸ ಬಿಟ್ಟರೂ ಕಿವಿಯ ಸಂದಿಯಲ್ಲಿ ಚಪ್ಪಟೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವುದನ್ನು ಬಿಟ್ಟಿರಲಿಲ್ಲ.

“ಏನ್ರೀ ಇದು? ಸುಣ್ಣ ಹೊಡೆಸಿ ಇನ್ನೂ ವರ್ಷ ಆಗಿಲ್ಲ.”

“ಇರ್ಲಿ ಬಿಡು.”

“ಏನು ಲೆಕ್ಕ ಅದು? ನಾವು ಬೈದಿದ್ದಾ?”

ಮೇಸ್ತ್ರಿ ಕೆಮ್ಮಿದ. ಕೆಮ್ಮು ಬಂದರೆ ಉತ್ತರ ಹೇಳಬೇಕಾಗಿಲ್ಲ. ಕೋಳಿಯಮ್ಮ ಅದನ್ನೇ ಉತ್ತರವೆಂದುಕೊಂಡು ಒಳಗೆ ಹೋದಳು. ಸಂಜೆ ಮಗನಿಗೆ, “ನಿಮ್ಮಪ್ಪ ಬೈಗುಳ ಬರೆದಿಡ್ತಿದ್ದಾರೆ,” ಎಂದಳು. ಮಗ ಚಹಾ ಹೀರುತ್ತ, “ಬರ್ಕೊಳ್ಲಿ,” ಎಂದ.

ಹೀಗೇ ಹದಿನೆಂಟು ದಿನ ಕಳೆಯಿತು. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ಆರು ಗಂಟೆಗೊಮ್ಮೆ ಮೊಟ್ಟೆ ಹೊರಳಿಸುವುದು, ಕರೆಂಟು ಹೋದರೆ ಹಗ್ಗ ಎಳೆಯುವುದು. ಹದಿನೆಂಟನೇ ದಿನ ಹೊರಳಿಸುವುದನ್ನು ನಿಲ್ಲಿಸಿ ಮೊಟ್ಟೆಗಳನ್ನು ಕೆಳಗಿನ ತಟ್ಟೆಗಿಳಿಸಿದರು. ಇನ್ನು ಮೂರು ದಿನ ಕಾವು ಒಂದು ಸರಿಯಾಗಿದ್ದರೆ ಸಾಕಿತ್ತು.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಯಿತು. ಬೀದಿಯ ಕಂಬ ಬದಲಿಸುತ್ತಾರೆ, ಸಂಜೆಯವರೆಗೆ ಇಲ್ಲ ಎಂದು ಪಕ್ಕದ ಮನೆಯವರು ಕೂಗಿ ಹೇಳಿದರು. ಕೋಳಿಯಮ್ಮ ಮರಿಗಳ ಕೆಳಗೆ ಹಾಸಲು ಮರದ ಹೊಟ್ಟು ತರಲು ಹೋಗಿದ್ದಳು. ಸೊಸೆ ಸೆರಗು ಸಿಕ್ಕಿಸಿ ಹಗ್ಗ ಎಳೆದಳು. ಇಂಜಿನ್ ಒಮ್ಮೆ ಗುಡುಗಿ, ಹಿತ್ತಿಲು ತುಂಬುವಷ್ಟು ಬಿಳಿ ಹೊಗೆ ಉಗುಳಿ, ನಿಂತುಹೋಯಿತು. ಮತ್ತೆ ಎಳೆದಳು. ಹತ್ತು ಸಲ, ಇಪ್ಪತ್ತು ಸಲ. ಅಂಗೈ ಕೆಂಪಾಯಿತು.

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ.

“ಸುಮ್ನೆ ನೋಡ್ತಾ ನಿಂತ್ರೆ ಹೇಗೆ ಮಾವ?”

“ಮುಟ್ಬೇಡ ಅಂದಿದ್ದೀರಲ್ಲಮ್ಮ.”

ಸೊಸೆಗೆ ಅಳು ಬರಬೇಕಿತ್ತು, ಬರಲಿಲ್ಲ. “ಪೆಟ್ಟಿಗೆ ಮೇಲೆ ಕಂಬಳಿ ಹಾಕಿ. ಗಾಳಿ ಕಂಡಿ ಮುಚ್ಬೇಡಿ. ನೀರು ಕಾಯಿಸಿ ಬಾಟ್ಲಿಗೆ ತುಂಬಿ ಒಳಗಿಡಿ,” ಎಂದಳು. ಈ ಎರಡು ಮೂರು ತಿಂಗಳಲ್ಲಿ ಅವನಿಗೆ ಅವಳು ಆಡಿದ ಅತಿ ಉದ್ದದ ಮಾತು ಅದು. ಮೇಸ್ತ್ರಿ ಹೋದ. ಅವಳು ಗ್ಯಾರೇಜಿನವನಿಗೆ ಫೋನ್ ಮಾಡಿದಳು.

“ಬಿಳಿ ಹೊಗೆನಾ ಅಕ್ಕ? ಆಯಿಲ್ ಜಾಸ್ತಿ ಆಗಿದೆ. ಎಷ್ಟು ಹಾಕಿದ್ರಿ?”

“ದಿನಾ ಒಂದು ಮುಚ್ಚಳ ಅಷ್ಟೇ.”

“ದಿನಾನಾ? ಅದೇನು ಗಿಡನಾ ಅಕ್ಕ, ದಿನಾ ಹಾಕೋಕೆ?”

“ನೀವೇ ಬನ್ನಿ ಒಂದ್ಸಲ.”

“ನಾನು ಬರೋಕೆ ಎರಡು ಗಂಟೆ ಆಗುತ್ತೆ. ಹೇಳ್ತೀನಿ, ಮಾಡಿ. ಕೆಳಗಡೆ ಬೋಲ್ಟ್ ಇದೆ, ಬಿಚ್ಚಿ ಎಲ್ಲಾ ಇಳಿಸ್ಬಿಡಿ. ಆಮೇಲೆ ಅಳೆದು ಆರುನೂರು ಎಂಎಲ್ ಹಾಕಿ, ಒಂದು ಹನಿ ಜಾಸ್ತಿ ಬೇಡ. ಪ್ಲಗ್ ಬಿಚ್ಚಿ ಒರೆಸಿ. ಗಾಳಿ ಹೋಗೋ ಕಡೆ ಸ್ಪಂಜ್ ಇರುತ್ತೆ, ಅದಕ್ಕೂ ಆಯಿಲ್ ಹೋಗಿರುತ್ತೆ. ಸೋಪಿನ ನೀರಲ್ಲಿ ತೊಳೆದು, ಹಿಂಡಿ, ಒಣಗಿಸಿ ಹಾಕಿ.”

ಅಷ್ಟರಲ್ಲಿ ಕೋಳಿಯಮ್ಮ ಹೊಟ್ಟಿನ ಚೀಲ ಹೊತ್ತು ಬಂದಳು. ಚೀಲ ಅಲ್ಲೇ ಬಿತ್ತು. ಹೆಂಡತಿಯ ಫೋನಿಗೆ ಮಗ ವ್ಯಾನ್ ತುಂಬ ಬ್ರೆಡ್ ಇಟ್ಟುಕೊಂಡೇ ಬಂದ. ಅವನು ಬೋಲ್ಟ್ ಬಿಚ್ಚಿದ, ಸೊಸೆ ಸ್ಪಂಜು ತೊಳೆದಳು, ಕೋಳಿಯಮ್ಮ ಪ್ಲಗ್ಗಿಗೆ ಮೆತ್ತಿದ್ದ ಕಪ್ಪನ್ನು ಉಪ್ಪು ಕಾಗದದಲ್ಲಿ ತಿಕ್ಕಿದಳು. ಕೆಳಗಿಟ್ಟ ಬೋಗುಣಿಗೆ ಆಯಿಲ್ ಇಳಿಯಿತು, ಇಳಿಯುತ್ತಲೇ ಇತ್ತು. ಬೋಗುಣಿ ತುಂಬಿತು. ಇನ್ನೊಂದು ತಂದರು.

“ಇದೇನಿದು, ಬಾವಿನಾ?” ಎಂದ ಮಗ. “ಯಾರು ಹಾಕಿದ್ದು ಇಷ್ಟು?”

“ನಾನು ಬೆಳಿಗ್ಗೆ ಒಂದೇ ಮುಚ್ಚಳ,” ಎಂದಳು ತಾಯಿ.

“ನಾನು ಮಧ್ಯಾಹ್ನ,” ಎಂದಳು ಸೊಸೆ. “ನೀವು?”

“ಸಂಜೆ,” ಎಂದ ಮಗ. ಎರಡೆಂದು ಹೇಳಲಿಲ್ಲ.

ಮೂವರೂ ಬೋಗುಣಿಯನ್ನು ನೋಡಿದರು. ನಗಬೇಕಾದ ಹೊತ್ತು, ಯಾರಿಗೂ ನಗು ಬರಲಿಲ್ಲ.

ಅಳೆದು ಆರುನೂರು ಹಾಕಿದರು. ಒಂದು, ಎರಡು, ಮೂರನೇ ಎಳೆತಕ್ಕೆ ಹೊರಟಿತು. ಹೊಗೆ ತೆಳುವಾಯಿತು. ಪೆಟ್ಟಿಗೆಯ ಕೆಂಪು ದೀಪ ಹತ್ತಿತು. ಸೊಸೆ ಗೋಡೆಗೊರಗಿ ಉಸಿರು ಬಿಟ್ಟಳು. ಐದು ನಿಮಿಷವೂ ಆಗಿರಲಿಲ್ಲ, ಯಾರೋ ಬಾಯಿ ಮುಚ್ಚಿದಂತೆ ಇಂಜಿನ್ ನಿಂತಿತು. ಎಳೆದರೆ ಜಪ್ಪಯ್ಯ ಅನ್ನಲಿಲ್ಲ. ಮಗ ಕಡ್ಡಿ ಎತ್ತಿದ. ಒಣಗಿತ್ತು.

“ಈಗ ತಾನೇ ಹಾಕಿದ್ದು! ಅಳೆದು ಹಾಕಿದ್ದು! ಹಾಕಿದ್ರೆ ಎಲ್ಲಿ—”

ಅಲ್ಲಿಗೇ ನಿಲ್ಲಿಸಿದ. ಆ ಮಾತು ಅವನಿಗೇ ಕೇಳಿಸಿತ್ತು. ಉಳಿದವರಿಗೂ ಕೇಳಿಸಿತು. ಯಾರೂ ಮೇಸ್ತ್ರಿಯ ಕಡೆ ತಿರುಗಲಿಲ್ಲ.

ಮೇಸ್ತ್ರಿ ಒಳಗೆ ಹೋದ. ಮಂಚದ ಕೆಳಗಿನ ಗೋಣಿಚೀಲ ಎಳೆದು ತಡಕಾಡುವ ಸದ್ದು ಬಂತು. ಕರಣೆ, ತೂಕದ ಗುಂಡು, ದಾರ ಎಲ್ಲ ನೆಲಕ್ಕೆ ಬಿದ್ದವು. ಹೊರಗೆ ಬಂದಾಗ ಅವನ ಕೈಯಲ್ಲಿ ರಸಮಟ್ಟ ಇತ್ತು. ಗಾರೆಯವರು ನೆಲ ಸಮವಾಗಿದೆಯೇ ಎಂದು ನೋಡುವ ಪಟ್ಟಿ, ನಡುವೆ ಗಾಜಿನ ಕೊಳವೆ, ಅದರೊಳಗೊಂದು ಗುಳ್ಳೆ. ಅದನ್ನು ಜನರೇಟರಿನ ಮೇಲಿಟ್ಟ. ಗುಳ್ಳೆ ಸರ್ರನೆ ಒಂದು ತುದಿಗೆ ಓಡಿತು.

“ವಾಟ,” ಎಂದ.

“ಏನು?”

“ನೀರು ನಿಲ್ಬಾರ್ದು ಅಂತ ಚರಂಡಿ ಹತ್ರ ನೆಲಕ್ಕೆ ವಾಟ ಕೊಟ್ಟಿದ್ದೀನಿ, ಅಡಿಗೆ ಎರಡು ಬೆರಳು. ಮಿಷನ್ ಆ ಕಡೆ ವಾಲಿದೆ. ಆಯಿಲ್ ಎಲ್ಲಾ ಆ ಮೂಲೆಗೆ ಹೋಗಿ ನಿಂತಿದೆ. ಕಡ್ಡಿ ಇರೋದು ಈ ಕಡೆ. ಆಯಿಲ್ ಇಲ್ಲ ಅಂತ ಗೊತ್ತಾದ್ರೆ ತಾನೇ ನಿಂತ್ಕೊಳ್ಳೋ ಮಿಷನ್ ಅಲ್ವಾ ಇದು? ಇಲ್ಲ ಅಂದ್ಕೊಂಡು ನಿಂತಿದೆ.”

ಮೇಸ್ತ್ರಿ ಒಂದು ಇಟ್ಟಿಗೆ, ಎರಡು ಹೆಂಚಿನ ಚೂರು ತಂದು ಮಗನ ಕೈಯಲ್ಲಿ ಮಿಷನ್ ಎತ್ತಿಸಿ ಕಾಲುಗಳ ಕೆಳಗೆ ಕೊಟ್ಟ. ಗುಳ್ಳೆ ಮೆಲ್ಲಗೆ ನಡುವಿಗೆ ಬಂದು ನಿಂತಿತು.

“ಈಗ ಎಳಿ.”

ಒಂದೇ ಎಳೆತಕ್ಕೆ ಹೊರಟಿತು. ಕರೆಂಟು ಬರುವವರೆಗೂ ನಿಲ್ಲಲಿಲ್ಲ.

“ಇದು ಕಿಟಕಿ ಕೆಳಗಡೆ ಚಪ್ಪಡಿ ಮೇಲೆ ಇರ್ತಿತ್ತು,” ಎಂದ ಮೇಸ್ತ್ರಿ, ಯಾರನ್ನೂ ನೋಡದೆ. “ಇಲ್ಲಿಗೆ ಯಾರು ತಂದ್ರು?”

ಮಗ ಹೆಂಡತಿಯ ಮುಖ ನೋಡಿದ. ಅವಳು ತಲೆ ಅಲ್ಲಾಡಿಸಿದಳು. ಕೋಳಿಯಮ್ಮ ಕಾವು ನೋಡಿಬರುತ್ತೇನೆ ಎಂದು ಒಳಗೆ ಹೋದಳು.

ಇಪ್ಪತ್ತೊಂದನೇ ದಿನ ಚಿಪ್ಪುಗಳು ಬಿರಿದವು. ಇನ್ನೂರ ಐವತ್ತೊಂಬತ್ತು ಮರಿಗಳು. ಒದ್ದೆಯಾಗಿ, ಮಂಕಾಗಿ ಬಿದ್ದಿದ್ದ ಅವು ಒಂದೆರಡು ಗಂಟೆಯಲ್ಲಿ ಹಳದಿ ಉಂಡೆಗಳಾಗಿ ಕೋಣೆ ಕಿತ್ತುಹೋಗುವಂತೆ ಕೂಗತೊಡಗಿದವು. ಫಾರಮಿನವಳು ಬುಟ್ಟಿಗಳಿಗೆ ತುಂಬಿಕೊಂಡು, “ಮುಂದಿನ ವಾರ ಮತ್ತೆ ಕಳಿಸ್ತೀನಿ, ಪೆಟ್ಟಿಗೆ ಖಾಲಿ ಇಟ್ಕೊ,” ಎಂದು ಹೋದಳು. ಬಾಡಿಗೆಯ ಮಾತು ಮಗ ಮತ್ತೆ ಎತ್ತಲಿಲ್ಲ. ಗೆದ್ದ ಮನೆಯ ಹಾಗೇನೂ ಇರಲಿಲ್ಲ ಅದು. ಸೊಸೆ ಚಿಪ್ಪು ಗುಡಿಸಿದಳು, ಮಗ ತಟ್ಟೆಗಳನ್ನು ತೊಳೆದ. ಮೇಸ್ತ್ರಿ ಊಟಕ್ಕೆ ಕಟ್ಟೆಗೇ ಹೋದ. ಮಗ ಒಂದು ಸಲ, “ಒಳಗೇ ಬಾ ಅಪ್ಪ,” ಎಂದ. “ಅಭ್ಯಾಸ ಆಗಿದೆ ಬಿಡೋ,” ಎಂದ ಮೇಸ್ತ್ರಿ. ಮಗ ಎರಡನೇ ಸಲ ಕರೆಯಲಿಲ್ಲ.

ಕೋಳಿಯಮ್ಮ ಮೂರು ದಿನ ಸುಮ್ಮನಿದ್ದಳು. ಜನರೇಟರ್ ಸರಿಸಿದ್ದು ಅವಳಿಗೆ ಈಗ ಕಣ್ಣಿಗೆ ಕಟ್ಟಿದಂತೆ ನೆನಪಾಗಿತ್ತು. ಮರಿಗಳು ಸತ್ತ ಹಿಂದಿನ ದಿನ. ಕಿಟಕಿಯಿಂದ ಹೊಗೆ ಒಳಗೆ ಬಂದು ಗಂಡನಿಗೆ ಕೆಮ್ಮು ಹತ್ತಿಕೊಂಡಿತ್ತು. ಸೌಟನ್ನು ಒಲೆಯ ಮೇಲೇ ಬಿಟ್ಟು ಹೋಗಿ, ಹಿಡಿಕೆ ಹಿಡಿದು ಎರಡು ಮಾರು ಆಚೆಗೆ ಎಳೆದಿದ್ದಳು. ಒಂದು ನಿಮಿಷದ ಕೆಲಸ. ಬಂದು ಮತ್ತೆ ಸೌಟು ಹಿಡಿದಿದ್ದಳು. ನೆನಪಿಟ್ಟುಕೊಳ್ಳುವಂಥದ್ದೇನೂ ಅದರಲ್ಲಿರಲಿಲ್ಲ. ಅವನ ಎದೆಗೆ ಹೊಗೆ ಹೋಗದಿರಲಿ ಎಂದು ಮಾಡಿದ್ದಕ್ಕೆ ಅವನನ್ನೇ ಹತ್ತಿರ ಹತ್ತಿರ ಮೂರು ತಿಂಗಳು ಹೊರಗೆ ಕೂರಿಸಿದ್ದಳು. ಹೇಳದೆ ಹೋದರೂ ನಡೆಯುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಅದೇ ಅವಳಿಗೆ ತಡೆಯದಾಯಿತು.

ನಾಲ್ಕನೇ ದಿನ ಮಧ್ಯಾಹ್ನ ತನ್ನ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತಳು.

“ಆವತ್ತು ಮಿಷನ್ ಸರಿಸಿದ್ದು ನಾನು.”

ಮೇಸ್ತ್ರಿ ತುತ್ತು ಕೈಯಲ್ಲೇ ಹಿಡಿದು ಕೂತ.

“ನಿಮಗೆ ಹೊಗೆ ಬರ್ತಿತ್ತಲ್ಲ, ಅದಕ್ಕೆ ಎಳೆದೆ. ಆಮೇಲೆ ಮರೆತೇಹೋಯ್ತು. ನೀವು ಹಾಕಿದ್ದು ನಿಜ. ಸುಳ್ಳು ಅಂದದ್ದು ನಾನು.”

“ಹಾಗಾದ್ರೆ ಹಾಕಿದ್ದೆ ನಾನು.”

“ಹಾಕಿದ್ರಿ.”

“ಸರಿಯಾಗಿ ನೆನಪಿತ್ತು ಹಾಗಾದ್ರೆ ನಂಗೆ.”

“ಬೈದ್ಬಿಡಿ ಒಂದ್ಸಲ. ಆ ಗೀಟೆಲ್ಲ ಎಣಿಸಿ ಬೈರಿ.”

ಮೇಸ್ತ್ರಿ ಕಂಬದ ಕಡೆ ನೋಡಿದ. “ಅದು ಬೈಗುಳದ್ದಲ್ಲ,” ಎಂದ. “ಮಾತ್ರೆ ನುಂಗಿದ್ರೆ ಒಂದು ಗೀಟು. ನಲ್ಲಿ ನಿಲ್ಲಿಸಿದ್ರೆ ಒಂದು. ಆಯಿಲ್ ಹಾಕಿದ್ದು, ಮುಚ್ಚಳ ತಿರುಗಿಸಿದ್ದು, ಕೈ ಒರೆಸಿಕೊಂಡದ್ದು, ಎಲ್ಲಾ ನೆನಪಿತ್ತು ನಂಗೆ. ನೀವು ಮೂರು ಜನಾನೂ ಇಲ್ಲ ಅಂದ್ರಿ. ಕಡ್ಡೀನೂ ಇಲ್ಲ ಅಂತು. ಮಾಡದೇ ಇದ್ದದ್ದು ಮಾಡಿದ ಹಾಗೆ ನೆನಪಾಗುತ್ತೆ ಅಂದ್ರೆ ತಲೆ ಹೋಯ್ತು ಅಂತಾನೇ ಅಲ್ವಾ? ಅದಕ್ಕೇ ಬರೆದಿಡ್ತಿದ್ದೆ.”

ಕೋಳಿಯಮ್ಮ ಕಂಬದ ಗೀಟುಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

“ಆ ಮೇಲಿನ ಸಾಲು?” ಎಂದಳು. ಕಂಬದ ಮೇಲ್ಗಡೆ ಒಂದು ಸಾಲು ಬೇರೆಯಾಗಿತ್ತು, ಒತ್ತಿ ಒತ್ತಿ ಎಳೆದ ಗೀಟುಗಳು.

“ಅದು ನಿನ್ನ ಹೆಸರಿಂದು. ಬೆಳಿಗ್ಗೆ ಎದ್ದ ತಕ್ಷಣ ಒಂದ್ಸಲ ಹೇಳ್ಕೋತಿದ್ದೆ. ಬಂದ್ರೆ ಒಂದು ಗೀಟು.”

ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಏಯ್’ ಎನ್ನುತ್ತಿದ್ದ, ‘ಇಲ್ನೋಡು’ ಎನ್ನುತ್ತಿದ್ದ. ಬೀದಿಗೆ ಅವಳು ಕೋಳಿಯಮ್ಮ, ಮಗನಿಗೆ ಅಮ್ಮ, ಸೊಸೆಗೆ ಅತ್ತೆ. ಆ ಹೆಸರನ್ನು ಬಾಯಿಬಿಟ್ಟು ಹೇಳುವವರು ಇನ್ನಾರೂ ಉಳಿದಿರಲಿಲ್ಲ.

“ಈಗ ಹೇಳಿ,” ಎಂದಳು.

ಮೇಸ್ತ್ರಿ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹೇಳಿದ.

“ಸರಿಯಾಗಿದೆ,” ಎಂದಳು ಅವಳು.

ಅವನ ಕೈ ಕಿವಿಯ ಪೆನ್ಸಿಲ್ಲಿನವರೆಗೆ ಹೋಗಿ, ಹಾಗೇ ತಟ್ಟೆಗೆ ಮರಳಿತು. ಇಬ್ಬರೂ ಊಟ ಮುಗಿಸಿದರು.